ತಲೆ ಗುದ್ದಿದವ ಹೊರಗೆ

ಗದಗ ಸೀಮೆಯ ಕಾಲೇಜುಗಳ ಕಬಡ್ಡಿ ಫೈನಲ್‌ಗೆ ಮುಂಚೆ ಕೋಚ್‌ಗಳ ಸಭೆ ಸೇರಿತ್ತು. ಎದುರಾಳಿಯ ತಲೆಗೆ ತಲೆಯಿಂದ ಗುದ್ದಿದವನು ಪಂದ್ಯದಿಂದಲೇ ಹೊರಗೆ, ಅವನ ಬದಲು ಇನ್ನೊಬ್ಬನನ್ನು ಇಳಿಸುವಂತಿಲ್ಲ ಎಂಬ ಹೊಸ ನಿಯಮದ ಮೇಲೆ ಚರ್ಚೆ.

ಎಲ್ಲರಿಗಿಂತ ಜೋರಾಗಿ ವಿರೋಧಿಸಿದವರು ಶಿವಪುತ್ರಪ್ಪ ಕೋಚ್. ಕಾರಣ ಗುಟ್ಟೇನಲ್ಲ. ಅವರ ಶಿಷ್ಯ ಫಕ್ಕೀರೇಶ ತಲೆ ತಗ್ಗಿಸಿ ನುಗ್ಗಿದನೆಂದರೆ ಎಂಥ ರೈಡರ್ ಆದರೂ ಮಣ್ಣು ಮುಕ್ಕಬೇಕು. ಹದಿನೆಂಟು ವರ್ಷದಿಂದ ಕೈಗೆ ಸಿಗದ ಕಪ್ ಈ ಸಲ ಅವನಿಂದಲೇ ಬರಬೇಕಿತ್ತು.

"ಕಬಡ್ಡಿ ಅಂದಮ್ಯಾಲೆ ಪೆಟ್ಟು ಬೀಳತಾವ್ರೀ. ಬೇಕಂತ ಯಾರೂ ಗುದ್ದೂದಿಲ್ಲ. ಒಂದು ಪಾಯಿಂಟ್ ಕಳೀರಿ, ಸಾಕು," ಎಂದರು.

"ಬೇಕಂತ ಗುದ್ದಿದ್ರೂ ತಲಿ ಒಡೀತೈತಿ, ತಪ್ಪಿ ಗುದ್ದಿದ್ರೂ ಒಡೀತೈತಿ ಸರ," ಎಂದರು ಅಂಪೈರ್ ನದಾಫ. ನಿಯಮ ಪಾಸಾಯಿತು. ಶಿವಪುತ್ರಪ್ಪನವರು ಮುಖ ಗಂಟಿಕ್ಕಿಕೊಂಡು ಎದ್ದು ಬಂದರು.

ಫೈನಲ್‌ನಲ್ಲಿ ಇನ್ನು ಐದು ನಿಮಿಷ ಉಳಿದಿತ್ತು. ಅಂಕಗಳು ಸಮ. ರೈಡರ್ ಒಳಗೆ ಬಂದ, ಫಕ್ಕೀರೇಶ ನುಗ್ಗಿದ, ತಲೆಗೆ ತಲೆ ಬಡಿಯಿತು. ಉಳಿದವರೆಲ್ಲ ಮೇಲೆ ಮುಗಿಬಿದ್ದಿದ್ದರಿಂದ ಅಂಪೈರ್‌ಗೆ ಕಾಣಲಿಲ್ಲ. ಕೋಚ್‌ಗೆ ಕಂಡಿತು. ಅವರು ಸುಮ್ಮನಿದ್ದರು.

ರೈಡರ್ ಹಣೆ ಉಜ್ಜಿಕೊಳ್ಳುತ್ತ ಎದ್ದ. ಫಕ್ಕೀರೇಶನೂ ಎದ್ದ. ಎದ್ದವನು ತನ್ನ ಜಾಗಕ್ಕೆ ಬರದೆ ನೆಟ್ಟಗೆ ಎದುರಾಳಿಗಳ ಅಂಕಣಕ್ಕೆ ನಡೆದ. ಅವರ ಸಾಲಿನಲ್ಲಿ ನಿಂತು, ಪಕ್ಕದವನ ಕೈ ಹಿಡಿದುಕೊಂಡ.

ಜನ ಗೊಳ್ಳೆಂದು ನಕ್ಕರು. ಪೆಟ್ಟಿಗೆ ಹುಡುಗನ ತಲೆ ಮಂಕಾಗಿ ತನ್ನ ಕಡೆ ಯಾವುದೆಂಬುದೇ ತಿಳಿಯುತ್ತಿಲ್ಲ ಎಂದು ಶಿವಪುತ್ರಪ್ಪನವರಿಗೆ ಅರ್ಥವಾಯಿತು. ಏಟು ತಿನ್ನುವವನು ಎದುರಿನವನು ಎಂದೇ ಇಷ್ಟು ದಿನ ಲೆಕ್ಕ ಹಾಕಿದ್ದರು. ತಮ್ಮ ಹುಡುಗನದೂ ತಲೆಯೇ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಅವರು ಓಡಿಹೋಗಿ ಆಟ ನಿಲ್ಲಿಸಿದರು. "ನದಾಫ ಸರ, ನಮ್ಮವ ತಲಿ ಗುದ್ದ್ಯಾನ. ಹೊರಗ ಹಾಕ್ರಿ."

"ನಾ ನೋಡಿಲ್ಲಲ್ರೀ."

"ನಾ ನೋಡೀನಿ."

ಉಳಿದ ಆರು ಜನ ಜೀವ ಬಿಟ್ಟು ಆಡಿದರು. ಎರಡು ಅಂಕದಿಂದ ಸೋತರು.

"ಕಪ್ ಹೋತಲ್ರೀ ಸರ," ಎಂದು ಫಕ್ಕೀರೇಶ ಅತ್ತ. ಅವನ ತಲೆಯ ಮೇಲೆ ಒದ್ದೆ ಟವೆಲ್ ಒತ್ತುತ್ತ ಕೋಚ್, "ಹೋಗ್ಲಿ ಬಿಡಪಾ. ತಪ್ಪು ನಂದು. ನಾನ ಹಂಗ ಕಲಿಸೀನಿ," ಎಂದರು.

ಡಾಕ್ಟರ್ ಒಂದು ತಿಂಗಳು ಆಟ ಬೇಡ ಎಂದರು. ತಿಂಗಳು ಕಳೆದ ಮೇಲೆ ಫಕ್ಕೀರೇಶ ತಲೆ ಎತ್ತಿ, ಕಣ್ಣು ಬಿಟ್ಟು, ತೋಳಿನಿಂದ ಹಿಡಿಯುವುದನ್ನು ಮೊದಲಿನಿಂದ ಕಲಿಯತೊಡಗಿದ. ಮೊದಲ ದಿನ ಹತ್ತು ರೈಡರ್‌ಗಳೂ ತಪ್ಪಿಸಿಕೊಂಡರು. ಹನ್ನೊಂದನೆಯವನು ಸಿಕ್ಕಿಬಿದ್ದ.

ನೀತಿ: ಅಪಾಯವನ್ನು ತಡೆಯುವ ಕಠಿಣ ನಿಯಮ ಎದುರಾಳಿಯ ಜೊತೆಗೆ ನಮ್ಮವರನ್ನೂ ಕಾಯುತ್ತದೆ. ಯಾರೂ ನೋಡದಿದ್ದಾಗಲೂ ಅದನ್ನು ಪಾಲಿಸುವವನೇ ನಿಜವಾದ ಗುರು.