ದರ್ಜಿ ಓದಿದ ಜೀವನಚರಿತ್ರೆ

"ಬುದ್ಧಿ, ಹೆದರಿಕೆ ಎಲ್ಲಿ ಹುಟ್ಟಿತೆಂದು ತಿಳಿದರೆ ಅದು ಹೋಗುತ್ತದೆಯೇ?" ಎಂದು ಶಿಷ್ಯ ಚನ್ನವೀರ ಗುರುಗಳನ್ನು ಕೇಳಿದ. ತಂದೆಗೆ ಕಾಯಿಲೆಯೆಂದು ಊರಿನಿಂದ ಸುದ್ದಿ ಬಂದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಹೊರಡುವ ಧೈರ್ಯವೂ ಬರುತ್ತಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಬ್ಬ ದರ್ಜಿಯಿದ್ದ. ದೆವ್ವದ ಕತೆಗಳೆಂದರೆ ಅವನಿಗೆ ಪ್ರಾಣ. ಅಂಥ ಕತೆಗಳನ್ನು ಬರೆದು ಮನೆಮಾತಾದ ಲೇಖಕನೊಬ್ಬನ ಒಂದು ಪುಸ್ತಕವನ್ನೂ ಅವನು ಬಿಟ್ಟವನಲ್ಲ. ಆದರೆ ಒಂದು ಕತೆ ಅವನನ್ನು ಬಿಡಲಿಲ್ಲ. ಅದರಲ್ಲಿ ಹಿತ್ತಲ ಬಾವಿಯೊಳಗಿಂದ ಒಂದು ಹುಡುಗಿ ಹೆಸರು ಹಿಡಿದು ಕೂಗುತ್ತಿದ್ದಳು. ಅದನ್ನು ಓದಿದ ಮೇಲೆ ದರ್ಜಿ ತನ್ನ ಮನೆಯ ಬಾವಿಯ ಕಡೆ ಕಾಲಿಡಲಿಲ್ಲ. ಹೆಂಡತಿಗೆ ಹೇಳಲು ನಾಚಿಕೆ. ತೋಳು ನೋವೆಂದು ನೆಪ ಹೇಳಿದ. ನೀರು ಸೇದುವುದು ಅವಳ ಪಾಲಿಗೆ ಬಿತ್ತು. ಮಗಳು ಹುಟ್ಟಿ ಓಡಾಡುವಷ್ಟಾದಳು. ಅವನ ದಿಗಿಲು ಇಳಿಯಲಿಲ್ಲ.

ಲೇಖಕ ತೀರಿಕೊಂಡ ಮೇಲೆ ಅವನ ಗೆಳೆಯನೊಬ್ಬ ಅವನ ಜೀವನಚರಿತ್ರೆ ಬರೆದ. ದರ್ಜಿ ಅದನ್ನು ವಾಚನಾಲಯದಿಂದ ತಂದ. ಬಾವಿಯ ಕತೆ ಬರೀ ಕಟ್ಟುಕತೆಯೆಂದು ಒಂದು ಕಡೆ ಬರೆದಿದ್ದರೆ ಸಾಕು, ಎದೆ ಹಗುರಾಗುತ್ತದೆ ಎಂದುಕೊಂಡ. ಹಾಡುಹಗಲಲ್ಲೇ, ಜಗಲಿಯ ಮೇಲೆ ಹೊಲಿಗೆ ಯಂತ್ರ ನಿಲ್ಲಿಸಿ ಓದತೊಡಗಿದ.

ನಡುವೆ ಒಂದು ಕಡೆ ಬಾವಿಯ ಮಾತು ಬಂತು. ಲೇಖಕ ಹುಡುಗನಾಗಿದ್ದಾಗ, ತಂಗಿಯನ್ನು ನೋಡಿಕೋ ಎಂದು ಹೇಳಿ ತಾಯಿ ಹೊರಗೆ ಹೋಗಿದ್ದಳು. ಹುಡುಗ ಆಟದಲ್ಲಿ ಮೈಮರೆತ. ತಂಗಿ ಮನೆಯ ಬಾವಿಗೆ ಬಿದ್ದು ಸತ್ತಳು. ಮುಪ್ಪಿನಲ್ಲಿ ಅವನು ಗೆಳೆಯನ ಮುಂದೆ ಹೀಗೆ ಹೇಳಿದ್ದನಂತೆ: "ಅವಳು ಕೂಗಲೇ ಇಲ್ಲ. ಕೂಗಿದ್ದರೆ ಓಡಿಹೋಗುತ್ತಿದ್ದೆ. ಅದಕ್ಕೇ ಕತೆಯಲ್ಲಿ ಕೂಗಿಸಿದೆ."

ದರ್ಜಿ ಆ ಸಾಲಿನ ಮೇಲೆ ಬೆರಳಿಟ್ಟು ಕೂತ. ದೆವ್ವ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಿವಿ ಮನೆಯೊಳಗೆ ಹೊರಳಿತು. ಇಷ್ಟು ಹೊತ್ತು ಗಲಗಲ ಎನ್ನುತ್ತಿದ್ದ ಮಗಳ ಸದ್ದಿಲ್ಲ. ಕರೆದ. ಅವಳು ಓಗೊಡಲಿಲ್ಲ. ಪುಸ್ತಕ ಎಲ್ಲಿ ಬಿತ್ತೋ ಅವನಿಗೆ ತಿಳಿಯದು, ಹಿತ್ತಲಿಗೆ ಓಡಿದ.

ಬಾವಿಕಟ್ಟೆಯ ಒಂದು ಬದಿ ಕುಸಿದಿತ್ತು. ಆ ಸಂದಿನಲ್ಲಿ ಮಗಳು ಕುಕ್ಕರಗಾಲಲ್ಲಿ ಕೂತು, ಒಳಗೆ ಬಗ್ಗಿ, ನೀರಿಗೆ ಕಲ್ಲು ಹಾಕುತ್ತಿದ್ದಳು. ಕರೆದರೆ ಬೆಚ್ಚಿ ಜಾರಿಯಾಳೆಂದು ಅವನು ಉಸಿರು ಬಿಗಿಹಿಡಿದು, ಹಿಂದಿನಿಂದ ಹೋಗಿ ಬಾಚಿ ಎತ್ತಿಕೊಂಡ.

ಹೆಂಡತಿ ಒಳಗಿಂದ ಓಡಿಬಂದಳು.

"ಈ ಕಟ್ಟೆ ಯಾವಾಗ ಬಿತ್ತು?" ಎಂದು ಕೇಳಿದ.

"ಹೋದ ಮಳೆಗಾಲದಲ್ಲೇ ಬಿತ್ತು. ಬಂದು ನೋಡಿ ಅಂತ ಎಷ್ಟು ಸಲ ಬಾಯಿ ಬಡಿದುಕೊಂಡೆ ನಿಮ್ಮ ಹತ್ತಿರ!"

ದರ್ಜಿ ಮಗಳನ್ನು ಅವಳ ಕೈಗೆ ಕೊಟ್ಟು, ಬಿದ್ದ ಕಲ್ಲುಗಳನ್ನು ಎತ್ತಿಡತೊಡಗಿದ. ಬಾವಿಯೊಳಗೆ ಮಣ್ಣು ಉದುರಿ ಸದ್ದಾದಾಗಲೆಲ್ಲ ಅವನ ಮೈ ಬೆವರಿತು. ಆದರೂ ಕಟ್ಟೆ ನಿಲ್ಲುವವರೆಗೆ ಅಲ್ಲಿಂದ ಕದಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅಂದರೆ ಅವನ ಹೆದರಿಕೆ ಹೋಯಿತು, ಅಲ್ಲವೇ ಬುದ್ಧಿ?" ಎಂದ ಚನ್ನವೀರ.

"ಎಲ್ಲಿ ಹೋಯಿತಪ್ಪ? ಅದಕ್ಕೆ ಕೆಲಸ ಸಿಕ್ಕಿತು" ಎಂದರು ಗುರುಗಳು.