ದುರ್ಬೀನಿನ ಎರಡನೆಯ ಗಾಜು

“ಗುರುಗಳೇ, ಅವರ್ಣಕ ಮಸೂರ ಎಂದರೇನು?” ಎಂದು ಚರಂತಯ್ಯ ಕೇಳಿದ. ಮಠದ ಶಿಷ್ಯರಲ್ಲಿ ವಿಜ್ಞಾನದ ಪುಸ್ತಕ ಓದುವವನು ಅವನೊಬ್ಬನೇ. “ಬಣ್ಣವೇ ಇಲ್ಲದ ಶುದ್ಧ ಗಾಜು ಎಂದು ಬರೆದುಕೊಂಡಿದ್ದೇನೆ. ಸರಿ ತಾನೇ?”

ಗುರುಗಳು ನಕ್ಕರು. “ಉತ್ತರ ಬರೆದುಕೊಂಡು ಆಮೇಲೆ ಪ್ರಶ್ನೆ ಕೇಳಲು ಬಂದೆಯಾ? ಭೇಷ್! ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ಶುರು ಮಾಡಿದರು.

ಒಂದು ಬಂದರಿನಲ್ಲಿ ಒಬ್ಬ ಮಸೂರಗಾರನಿದ್ದ. ಗಾಜು ಉಜ್ಜಿ ದುರ್ಬೀನು ಮಾಡುವುದು ಅವನ ಮನೆತನದ ಕಸುಬು. ಬಂದರಿನ ಕಾವಲು ಗೋಪುರದ ಮೇಲಿದ್ದ ದುರ್ಬೀನನ್ನು ಅವನ ತಂದೆ ಮಾಡಿದ್ದ.

ಆ ಬಂದರಿಗೆ ಒಂದು ಕಟ್ಟಳೆಯಿತ್ತು. ಬಿಳಿ ಬಾವುಟದ ಹಡಗು ನೇರವಾಗಿ ಒಳಗೆ ಬರಬಹುದು. ಹಡಗಿನಲ್ಲಿ ಸಿಡುಬಿದ್ದರೆ ಬಿಳಿ ಬಾವುಟಕ್ಕೆ ಕೆಂಪು ಅಂಚು ಹೊಲಿದು ಏರಿಸಬೇಕು. ಕೆಂಪು ಅಂಚು ಕಂಡ ಕೂಡಲೇ ಕಾವಲಿನವರು ಬಂದರಿನ ಬಾಯಿಗೆ ಅಡ್ಡಲಾಗಿ ಸರಪಳಿ ಎಳೆಯುತ್ತಿದ್ದರು. ಹಡಗು ನಲವತ್ತು ದಿನ ಹೊರಗೇ ಇರಬೇಕು. ಇದನ್ನು ಕ್ರೂರವೆಂದು ಯಾರೂ ಅನ್ನುತ್ತಿರಲಿಲ್ಲ. ಹಿಂದೊಮ್ಮೆ ಸಿಡುಬು ಒಳಗೆ ಬಂದು ಅರ್ಧ ಊರೇ ಸತ್ತಿತ್ತು.

ಮಸೂರಗಾರನಿಗೆ ಒಬ್ಬಳೇ ಮಗಳು. ಹೆರಿಗೆಗೆಂದು ಸಮುದ್ರದ ದಾರಿಯಲ್ಲಿ ತವರಿಗೆ ಬರುವವಳಿದ್ದಳು. ಅವಳು ಬರಲು ಇನ್ನೂ ಎರಡು ದಿನವಿತ್ತು. ಅವಳ ಹಡಗು ದೂರದಿಂದಲೇ ಚೆನ್ನಾಗಿ ಕಾಣಲಿ ಎಂದು ಅವನು ದುರ್ಬೀನನ್ನು ಕೆಳಗೆ ತಂದು ಬಿಚ್ಚಿದ.

ಮುಂಭಾಗದಲ್ಲಿ ಒಂದಕ್ಕೊಂದು ಅಂಟಿಸಿದ ಎರಡು ಗಾಜುಗಳಿದ್ದವು. ಒಂದು ನಡುವೆ ಉಬ್ಬಿದ್ದು, ಇನ್ನೊಂದು ನಡುವೆ ತಗ್ಗಿದ್ದು. ಬಿಡಿಸಿ, ಒಂದೊಂದನ್ನೇ ಬಿಳಿ ಬಟ್ಟೆಯ ಮೇಲೆ ಹಿಡಿದು ನೋಡಿದ. ಮೊದಲನೆಯದು ತಿಳಿಯಾಗಿತ್ತು. ಎರಡನೆಯದು ಸೀಸ ಬೆರೆತ ಗಾಜು. ಭಾರವಾಗಿತ್ತು, ಕೊಂಚ ಹಳದಿಯಾಗಿತ್ತು, ಅದರ ಮೂಲಕ ಬಿದ್ದ ಬೆಳಕಿನ ಅಂಚಿನಲ್ಲೆಲ್ಲ ಬಣ್ಣ ಚೆಲ್ಲಿತ್ತು. ಸತ್ತ ತಂದೆಯ ಮೇಲೆ ಅವನಿಗೆ ಸಿಟ್ಟೇ ಬಂತು. ಅದನ್ನು ಮೂಲೆಗೆಸೆದು, ತನ್ನಲ್ಲಿದ್ದ ಅತ್ಯಂತ ತಿಳಿಯಾದ ಗಾಜನ್ನು ಉಜ್ಜಿ ಅದರ ಜಾಗಕ್ಕೆ ಹಾಕಿದ. ಎದುರಿನ ಗುಡ್ಡವನ್ನು ನೋಡಿದ. ಮರಗಿಡಗಳು ಸ್ಪಷ್ಟವಾಗಿ ಕಂಡವು. ಅಷ್ಟಕ್ಕೇ ಎದೆಯುಬ್ಬಿಸಿಕೊಂಡು ದುರ್ಬೀನನ್ನು ಗೋಪುರಕ್ಕೆ ಹತ್ತಿಸಿದ.

ಅವನು ಇನ್ನೂ ಮೇಲಿರುವಾಗಲೇ ಬಿರುಗಾಳಿ ಎದ್ದಿತು. ದೂರದಲ್ಲಿ ಒಂದು ಹಡಗು ಕಂಡಿತು. ಕಾವಲಿನ ಮುದುಕ ದುರ್ಬೀನಿಗೆ ಕಣ್ಣಿಟ್ಟ.

“ಬಾವುಟ ಬಿಳಿಯೇ. ಆದ್ರೆ ಅಂಚು ಕೆಂಪಗೆ ಕಾಣ್ತದಲ್ಲ ಮಾರಾಯ! ನಂಗ್ಯಾಕೋ ಅನುಮಾನ. ನೀನೊಂದ್ಸಲ ನೋಡು.”

ಮಸೂರಗಾರ ನೋಡಿದ. ಅಂಚು ಕೆಂಪಾಗಿಯೇ ಇತ್ತು. “ಗಾಜಲ್ಲಿ ಒಂದು ಕಲೆಯಿಲ್ಲ, ನಾನೇ ಕೈಯಾರೆ ಉಜ್ಜಿದ್ದು. ಅನುಮಾನ ಎಂಥದ್ದು? ಸರಪಳಿ ಎಳೀರಿ” ಎಂದ.

ಎಳೆದರು. ಸರಪಳಿ ಮೇಲೆದ್ದದ್ದನ್ನು ಕಂಡು ಹಡಗು ದೂರದಿಂದಲೇ ತಿರುಗಿತು. ಗಾಳಿ ಅದನ್ನು ಬಂಡೆಗೆ ಅಪ್ಪಳಿಸಿತು. ಒಳಗೆ ಹನ್ನೊಂದು ಜನರಿದ್ದರು. ಒಬ್ಬರೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಾವುಟ ದಡಕ್ಕೆ ಬಂತು. ಮಸೂರಗಾರ ಅದನ್ನು ಮರಳಿನ ಮೇಲೆ ಹರಡಿದ. ಹಾಲಿನಂಥ ಬಿಳಿ. ಕೆಂಪು ಅಂಚೇ ಇರಲಿಲ್ಲ. ಆಮೇಲೆ ಹೆಣಗಳು ಬಂದವು. ಮೂರನೆಯದು ಅವನ ಮಗಳದ್ದು. ಒಳ್ಳೆಯ ಗಾಳಿ ಸಿಕ್ಕಿತೆಂದು ಹಡಗು ಎರಡು ದಿನ ಮುಂಚೆಯೇ ಬಂದುಬಿಟ್ಟಿತ್ತು.

ಅವನು ಆ ಬಾವುಟವನ್ನು ದೂರದ ಬಂಡೆಯ ಮೇಲೆ ಕಟ್ಟಿಸಿ, ತನ್ನ ಗಾಜಿದ್ದ ದುರ್ಬೀನಿನಿಂದ ನೋಡಿದ. ಕೆಂಪು ಅಂಚು ಕಂಡಿತು. ಮೂಲೆಗೆಸೆದ ಗಾಜನ್ನು ತಂದು, ತಂದೆ ಜೋಡಿಸಿದಂತೆಯೇ ಜೋಡಿಸಿ ನೋಡಿದ. ಅಂಚು ಹೋಯಿತು. ಅವನು ಚೀರಿದ್ದು ಇಡೀ ಬಂದರಿಗೆ ಕೇಳಿಸಿತಂತೆ.

ಕತೆ ಮುಗಿಸಿ ಗುರುಗಳು ಹೇಳಿದರು: “ಎಷ್ಟೇ ತಿಳಿಯಾದ ಗಾಜಾದರೂ ಬೆಳಕನ್ನು ಬಾಗಿಸುವಾಗ ಅದನ್ನು ಬಣ್ಣಗಳಾಗಿ ಒಡೆಯುತ್ತದೆ. ಎರಡನೆಯ ಗಾಜು ಅದೇ ಬಣ್ಣಗಳನ್ನು ಎದುರು ದಿಕ್ಕಿಗೆ ತಳ್ಳಿ ಮತ್ತೆ ಕೂಡಿಸುತ್ತದೆ. ಹಾಗೆ ಒಂದರ ದೋಷವನ್ನು ಇನ್ನೊಂದು ಕಳೆದು, ಬಣ್ಣದ ಅಂಚಿಲ್ಲದ ಬಿಂಬ ತೋರಿಸುವ ಜೋಡಿಗೆ ಅವರ್ಣಕ ಎನ್ನುತ್ತಾರೆ. ಬಿಡಿ ಗಾಜು ಎಷ್ಟು ತಿಳಿಯಾಗಿದ್ದರೂ ಅದಕ್ಕೆ ಆ ಮಾತು ಸಲ್ಲುವುದಿಲ್ಲ.”

ಆದರೂ ಬರೆದುಕೊಂಡ ಉತ್ತರವನ್ನು ಬಿಡಲು ಚರಂತಯ್ಯನಿಗೆ ಮನಸ್ಸಾಗಲಿಲ್ಲ. “ಆದರೆ ಗುರುಗಳೇ, ಅವನು ಹಾಕಿದ ಗಾಜು ಶುದ್ಧವಾದದ್ದೇ ಅಲ್ಲವೇ?” ಎಂದ.

“ಶುದ್ಧವಾದದ್ದೇ, ಹೋಗಿ ಆ ಹನ್ನೊಂದು ಜನರಿಗೆ ಹೇಳಿ ಬಾ” ಎಂದರು ಗುರುಗಳು.