ಒಂದು ಗೇಣು ಹಾಸು

"ದಣಿದ ಮನಸ್ಸಿನವನು ಮುಂದಿನ ಬಾಳಿಗೆ ಏನು ಏರ್ಪಾಡು ಮಾಡಿಕೊಳ್ಳಬೇಕು ಬುದ್ಧಿ?" ಎಂದು ಚನ್ನವೀರ ಕೇಳಿದ.

ಮಠದಲ್ಲಿ ಪೂಜೆ ಮುಗಿದು ಜನ ಚದುರಿದ್ದರು. ಚನ್ನವೀರನ ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ನಾಲ್ಕು ವರ್ಷದ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದ. ಮಗುವನ್ನು ಯಾವಾಗ ಕರೆದುಕೊಂಡು ಹೋಗುತ್ತೀ ಎಂದು ಅಕ್ಕ ಕೇಳಿದಾಗಲೆಲ್ಲ, ದೇವರು ದಾರಿ ತೋರಿಸಲಿ, ಆಮೇಲೆ ಎನ್ನುತ್ತಿದ್ದ. ಮಗಳು ಬೇಕು ಎಂದು ಜೀವ ಹಂಬಲಿಸುತ್ತಿತ್ತು. ಆದರೆ ಅವಳ ಮುಖದಲ್ಲಿ ತಾಯಿಯ ಮುಖವೇ ಕಾಣುತ್ತಿತ್ತು. ಅದರ ಎದುರಿಗೆ ಕೂರಲು ಅವನಿಗೆ ತ್ರಾಣವಿರಲಿಲ್ಲ.

ಸ್ವಾಮಿಗಳು ಅವನನ್ನು ಒಮ್ಮೆ ನೋಡಿದರು. ಕೂತುಕೋ, ನಿನ್ನಂಥವನೇ ಒಬ್ಬ ಇದ್ದ ಎಂದು ಕತೆ ಶುರುಮಾಡಿದರು.

ಒಬ್ಬ ನೇಕಾರ ಇದ್ದನಪ್ಪ. ಗಂಡ ನೇಯುವುದು, ಹೆಂಡತಿ ಕೆಚ್ಚುವುದು. ಕೆಚ್ಚುವುದು ಎಂದರೆ ಗೊತ್ತೇನು? ರೇಷ್ಮೆ ಸೀರೆಗೆ ಉದ್ದಕ್ಕೂ ಹಾಸುವ ಎಳೆಗಳಿವೆಯಲ್ಲ, ಅದು ಹಾಸು. ಹಾಸು ನೇಯ್ದು ಮುಗಿದ ಮೇಲೂ ಅದನ್ನು ಮಗ್ಗದಿಂದ ಪೂರ್ತಿ ಬಿಚ್ಚುವುದಿಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹಣಿಗೆಯ ಹಿಂದೆ ಒಂದು ಗೇಣು ಉಳಿಸಿರುತ್ತಾರೆ. ಆ ಹಳೆಯ ಎಳೆ ಒಂದೊಂದರ ತುದಿಗೂ ಹೊಸ ಎಳೆ ಒಂದೊಂದನ್ನು ಇಟ್ಟು ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಸಾವಿರಾರು ಎಳೆ. ಗಂಡಸರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅದಕ್ಕೇ ಹೆಂಗಸರು ಮಾಡುತ್ತಿದ್ದರು.

ಆ ಹೆಂಡತಿ ತೀರಿಕೊಂಡಳು. ಅವಳು ಕೆಚ್ಚಿಕೊಟ್ಟಿದ್ದ ಹಾಸು ಮಗ್ಗದ ಮೇಲೆ ಒಂದು ಗೇಣು ಉಳಿದಿತ್ತು. ಹೊಸ ಹಾಸು ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು. ನೇಕಾರ ಅದನ್ನು ಕೆಳಗಿಳಿಸಲಿಲ್ಲ. ಮಗ್ಗದ ಮುಂದೆ ಕೂರುತ್ತಿದ್ದ, ಆ ಒಂದು ಗೇಣನ್ನು ಅಂಗೈಯಿಂದ ಸವರುತ್ತಿದ್ದ, ಎದ್ದುಬಿಡುತ್ತಿದ್ದ. ಅವಳು ಮುಟ್ಟಿದ್ದು ಎಂದು ಮನೆಯಲ್ಲಿ ಉಳಿದದ್ದು ಅದೊಂದೇ ಅನ್ನಿಸುತ್ತಿತ್ತು ಅವನಿಗೆ.

ದಣಿದವನು ಸುಮ್ಮನಿರುತ್ತಾನೆ ಎಂದುಕೊಂಡೆಯಾ? ಮಗ್ಗ ಬಿಚ್ಚಿ ಮಾರಿಬಿಡಲೇ, ತಮ್ಮನ ಊರಿಗೆ ಹೋಗಿಬಿಡಲೇ, ಮತ್ತೊಂದು ಮದುವೆಯಾಗಲೇ, ಕಾವಿ ತೊಟ್ಟು ನಮ್ಮಂಥವರ ಪ್ರಾಣ ತಿನ್ನಲೇ ಎಂದು ದಿನಕ್ಕೊಂದು ಏರ್ಪಾಡು. ಸಂಜೆ ಕಟ್ಟಿದ್ದು ಬೆಳಗಾಗುವಷ್ಟರಲ್ಲಿ ಬಿದ್ದಿರುತ್ತಿತ್ತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವನಿಗೆ ಸಂತೆಯೇ ತಲೆಯೊಳಗೆ ಬಂದು ಕೂತಿತ್ತು.

ದಿನಾ ದೇವಸ್ಥಾನಕ್ಕೆ ಹೋಗಿ, ತಂದೇ, ತ್ರಾಣ ಕೊಡು, ತ್ರಾಣ ಬಂದ ದಿನ ಮಗ್ಗಕ್ಕೆ ಕೂರುತ್ತೇನೆ ಎಂದು ಬೇಡುತ್ತಿದ್ದ. ಅರ್ಚಕರು ವಿಭೂತಿ ಕೊಡುತ್ತಿದ್ದರು. ಹಣೆಗೆ ಹಚ್ಚಿಕೊಂಡು ಬರುತ್ತಿದ್ದ. ಹೀಗೇ ಒಂದು ವರ್ಷ ಕಳೆಯಿತು.

ಆ ಕೇರಿಯಲ್ಲಿ ಒಬ್ಬಳು ಮುದುಕಿ. ನಲವತ್ತು ವರ್ಷ ಕೆಚ್ಚಿ ಕೆಚ್ಚಿ ಕಣ್ಣು ಮಂಜಾಗಿತ್ತೇ ಹೊರತು ನಾಲಿಗೆ ಮೊಂಡಾಗಿರಲಿಲ್ಲ. ಒಂದು ದಿನ ಜಗಲಿಯಿಂದಲೇ ಅವನನ್ನು ತಡೆದು, ವರ್ಷದಿಂದ ಹೋಗುತ್ತಿದ್ದೀಯಲ್ಲ, ದೇವರು ಏನು ಕೊಟ್ಟ ಎಂದು ಕೇಳಿದಳು.

"ಏನು ಕೊಡುತ್ತಾನೆ ಅಜ್ಜಿ? ಒಂದು ಚಿಟಿಕೆ ಬೂದಿ," ಎಂದ ನೇಕಾರ. ಅವನಿಗೆ ದೇವರ ಮೇಲೆ ಸಿಟ್ಟಿತ್ತು.

"ಅಲ್ಲವೋ, ನೇಕಾರನಾಗಿ ಹುಟ್ಟಿ ಹೀಗೆನ್ನುತ್ತೀಯಾ? ಬೆರಳಿಗೆ ಬೂದಿ ಮುಟ್ಟಿಸದೆ ಯಾವ ಎಳೆ ಕೂಡಿಕೊಂಡಿದೆ?"

ಬರಿಯ ಬೆರಳಲ್ಲಿ ರೇಷ್ಮೆ ಜಾರುತ್ತದೆ, ಬೂದಿ ಹಚ್ಚಿದರೆ ಹಿಡಿತ ಸಿಗುತ್ತದೆ. ಕೆಚ್ಚುವವರೆಲ್ಲ ಪಕ್ಕದಲ್ಲಿ ಬೂದಿಯ ಬಟ್ಟಲು ಇಟ್ಟುಕೊಂಡೇ ಕೂರುವುದು. ಅವನ ಹೆಂಡತಿಯೂ ಹಾಗೇ ಕೂರುತ್ತಿದ್ದಳು. ನೇಕಾರ ಮನೆಗೆ ಹೋದ, ಅಟ್ಟದಿಂದ ಹಾಸು ಇಳಿಸಿದ. ಹಣೆಯ ಮೇಲಿದ್ದ ವಿಭೂತಿಯನ್ನೇ ಬೆರಳಿಗೆ ಒರೆಸಿಕೊಂಡನಂತೆ. ದೇವರೇನೂ ಬೇಸರ ಮಾಡಿಕೊಂಡಿರಲಾರ.

ಆ ದಿನ ಕೆಚ್ಚಿದ್ದು ಹನ್ನೊಂದು ಎಳೆ. ಅಷ್ಟಕ್ಕೇ ಕೈ ಸೋತುಹೋಯಿತು. ತ್ರಾಣವೇನೂ ಬಂದಿರಲಿಲ್ಲ, ಆದರೂ ಹನ್ನೊಂದು ಎಳೆ ಕೂಡಿತ್ತು. ಮಾರನೆಯ ದಿನ ದೇವಸ್ಥಾನದಲ್ಲಿ ಅವನು ಏನನ್ನೂ ಬೇಡಲಿಲ್ಲ, ಕೈ ಚಾಚಿದ ಅಷ್ಟೆ. ಆ ದಿನ ಮೂವತ್ತು ಎಳೆ. ಇನ್ನೊಂದು ದಿನ ಎರಡೇ. ಬೆರಳಲ್ಲಿರುವ ಎಳೆಯನ್ನು ಬಿಟ್ಟು ಮುಂದಿನದನ್ನು ನೆನೆದರೆ ಎರಡೂ ತಪ್ಪುತ್ತವೆ. ಹಾಗಾಗಿ ಮಗ್ಗ ಮಾರುವ ಮಾತು, ಊರು ಬಿಡುವ ಮಾತು ತಾವಾಗಿಯೇ ಹಿಂದೆ ಬಿದ್ದವು.

ಬರಬರುತ್ತ ಕೈ ಪಳಗಿ, ಮೂರು ತಿಂಗಳಿಗೆ ಕೊನೆಯ ಎಳೆಯೂ ಕೂಡಿತು. ಇನ್ನು ಹಾಸನ್ನು ಮುಂದಕ್ಕೆ ಎಳೆದು, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡಿಗೆ ಸುತ್ತಬೇಕು. ಆಗ ಅವನ ಕೈ ನಿಂತಿತು. ಎಳೆದರೆ ಆ ಒಂದು ಗೇಣು ಹಣಿಗೆ ದಾಟಿ ಸುತ್ತಿಹೋಗುತ್ತದೆ. ಮತ್ತೆ ಅಂಗೈಗೆ ಸಿಗುವುದಿಲ್ಲ. ಮುದುಕಿಯ ಹತ್ತಿರ ಓಡಿ, ನನ್ನವಳ ಎಳೆ ಹೋಗಿಬಿಡುತ್ತದಲ್ಲ ಎಂದು ಮಗುವಿನ ಹಾಗೆ ಅತ್ತ. ಅವಳದ್ದು ಮುಂದೆ ಹೋಗದೆ ಹೊಸ ಎಳೆಗೆ ಹಣಿಗೆಯಲ್ಲಿ ದಾರಿ ತೋರಿಸುವವರು ಯಾರು ಎಂದಳು ಮುದುಕಿ. ನೇಕಾರ ವಾಪಸು ಬಂದು ಹಾಸನ್ನು ಎಳೆದ. ಒಂದು ಎಳೆಯೂ ಕಡಿಯಲಿಲ್ಲ. ಅವತ್ತೇ ನೇಯಲು ಕೂತ.

ಸ್ವಾಮಿಗಳು ಕತೆ ನಿಲ್ಲಿಸಿದರು. ಚನ್ನವೀರ ತಲೆ ತಗ್ಗಿಸಿ ಕೂತಿದ್ದ. ಈ ಹೊತ್ತಿಗೆ ಅಕ್ಕ ಮಗಳಿಗೆ ತಲೆ ಬಾಚುತ್ತಿರುತ್ತಾಳೆ ಎಂಬುದು ಅವನಿಗೆ ನೆನಪಾಯಿತು.

"ನೇಯಲು ಕೂತ ಮೇಲಾದರೂ ಹೆಂಡತಿಯ ಸೆಳೆತ ಅವನಿಗೆ ಹೋಯಿತೇ ಬುದ್ಧಿ?" ಎಂದು ಕೇಳಿದ. "ಅದು ಹೋದ ಮೇಲೆ ಮಗಳನ್ನು ಕರೆತರೋಣ ಎಂದು ನಾನು ಕಾಯುತ್ತಿದ್ದೇನೆ."

"ಹುಚ್ಚಪ್ಪಾ, ಸೆಳೆತ ಹೋಗಿ ಸಡಿಲಾದ ಹಾಸಿನಲ್ಲಿ ಯಾರಾದರೂ ನೇಯ್ದದ್ದುಂಟೇ?" ಎಂದರು ಸ್ವಾಮಿಗಳು.